ದೂರಿಗೆ ಮೊದಲು ಮೂರು ಕೃತಜ್ಞತೆ

ನೀರಿನ ಅಭಾವಕ್ಕಿಂತ ಕೃತಜ್ಞತೆಯ ಅಭಾವವೇ ಜನರನ್ನು ಹೆಚ್ಚಾಗಿ ಬಾಧಿಸುತ್ತಿದೆಯೆಂದು ೧೯೮೩ರ ಏಪ್ರಿಲ್‌ನಲ್ಲಿ ನಮ್ಮ ನೀರಿನ ಕಚೇರಿ ಅಧಿಕೃತವಾಗಿ ಕಂಡುಕೊಂಡಿತು. ಕಂಡುಕೊಂಡವರು ನಮ್ಮ ಸಾಹೇಬರು, ಬದರಿನಾಥರು. ಅದನ್ನು ಟೈಪ್ ಮಾಡಿ ಬಾಗಿಲಿಗೆ ಅಂಟಿಸಿದ ಗುಮಾಸ್ತ ನಾನೇ. ಆದ್ದರಿಂದ ಈ ವಿಷಯದಲ್ಲಿ ಯಾರೂ ನನಗೆ ಬುದ್ಧಿ ಹೇಳಬೇಕಾಗಿಲ್ಲ.

"ದೂರು ಕೊಡುವವರು ಮೊದಲು ತಾವು ಕೃತಜ್ಞರಾಗಿರುವ ಮೂರು ಕಾರಣಗಳನ್ನು ನಮೂದಿಸತಕ್ಕದ್ದು. ಗೆಜೆಟೆಡ್ ಅಧಿಕಾರಿಯಿಂದ ಸನ್ನಡತೆಯ ಪತ್ರ ತಂದು ಲಗತ್ತಿಸತಕ್ಕದ್ದು. ಗೊಣಗುವವರ ಅರ್ಜಿಯನ್ನು ಪರಿಶೀಲಿಸಲಾಗುವುದಿಲ್ಲ."

ಮೊದಲು ಬಂದವಳು ತಿಲಕ್ ನಗರದ ಕೆಂಪಕ್ಕ. ಮಗಳು ಹೆತ್ತು ಒಂಬತ್ತು ದಿನವಾಗಿತ್ತು, ಬೀದಿ ಕೊಳಾಯಿ ಒಣಗಿ ಹನ್ನೊಂದು.

"ಸಾರ್, ಮನೇಲಿ ಹಸಿ ಬಾಣಂತಿ ಇದಾಳೆ. ಎರೆಯೋಕೆ ಒಂದು ಹಂಡೆ ನೀರಿಲ್ಲ."

"ಮಗು ಆರೋಗ್ಯವಾಗಿದೆಯೇನಮ್ಮಾ?" ಸಾಹೇಬರು ಕೇಳಿದರು.

"ದೃಷ್ಟಿ ಹಾಕ್ಬೇಡಿ, ಗುಂಡುಕಲ್ಲಿನ ಹಾಗಿದೆ."

"ಬರ್ಕೊಳ್ರೀ, ಕಾರಣ ಒಂದು," ಎಂದರು ನನಗೆ.

ಎರಡನೆಯದಕ್ಕೆ ಕೆಂಪಕ್ಕ, "ಒಣಗಿದ್ರೂ ಕೊಳಾಯೀನ ಕಿತ್ಕೊಂಡು ಹೋಗಿಲ್ವಲ್ಲ," ಎಂದಳು. ಮೂರನೆಯದಕ್ಕೆ, "ನಿಮ್ಮ ತಲೆ!" ಎಂದಳು. 'ಅಧಿಕಾರಿಗಳ ಬುದ್ಧಿವಂತಿಕೆ' ಎಂದು ಬರೆದುಕೊಂಡೆ.

ಸನ್ನಡತೆ ಪತ್ರಕ್ಕಾಗಿ ಐದು ದಿನ ಅಲೆದು, ಕೊನೆಗೆ ಜಯನಗರದ ಪಶುವೈದ್ಯರೊಬ್ಬರಿಂದ ತಂದಳು. ಆಕೆಯ ಮುಖ ನೋಡಿದ ಎರಡು ನಿಮಿಷಕ್ಕೆ ಅವರು, "ಈಕೆಯನ್ನು ಐದು ವರ್ಷದಿಂದ ಬಲ್ಲೆ," ಎಂದು ಸಹಿ ಹಾಕಿದ್ದರು. ಅದರಲ್ಲಿ ತಪ್ಪೇನಿಲ್ಲ, ಎಲ್ಲರೂ ಹಾಗೇ ಮಾಡುತ್ತಾರೆ.

ಸಾಹೇಬರು ಕಡತ ಓದಿ ಷರಾ ಬರೆದರು: "ಅರ್ಜಿದಾರಳು ಸಂತೃಪ್ತಳು, ಸನ್ನಡತೆಯವಳು. ಇಂಥವರಿಗೆ ದೂರು ಇರಲು ಸಾಧ್ಯವಿಲ್ಲ. ಕಡತ ಮುಕ್ತಾಯ."

ಕೆಂಪಕ್ಕ ಟೇಬಲ್ ಗುದ್ದಿದಳು. "ಹದಿನಾಲ್ಕು ದಿನದ ಕೂಸು ಸ್ವಾಮಿ! ನಿಮ್ಮನೇಲಿ ಯಾರೂ ಹೆತ್ತಿಲ್ವಾ?"

ನನ್ನ ಕರುಳು ಚುರುಕ್ ಎಂದಿತು, ಸುಳ್ಳೇಕೆ ಹೇಳಲಿ. ಆದರೆ ಅದಕ್ಕೆ ನಮ್ಮ ಕಚೇರಿಯಲ್ಲಿ ಫಾರಂ ಇಲ್ಲ.

ಸಾಹೇಬರು ದಯಾವಂತರು. "ನೋಡಮ್ಮಾ, ನಮ್ಮ ಕಚೇರಿಯ ಕೃತಜ್ಞತಾ ಸಮಿತಿಗೆ ಮೆಂಬರ್ ಆಗ್ಬಿಡು. ಮೆಂಬರ್ ಮನೆಗೆ ವಾರಕ್ಕೆರಡು ಸಲ ಟ್ಯಾಂಕರ್ ಬರುತ್ತೆ. ಆದ್ರೆ ನೀರಿಲ್ಲ ಅನ್ನೋ ಮಾತು ಬಾಯಲ್ಲಿ ಬರಕೂಡದು."

ಕೆಂಪಕ್ಕ ಹೆಬ್ಬೆಟ್ಟು ಒತ್ತಿದಳು. ಮಾರನೇ ದಿನವೇ ಬಾಣಂತಿಗೂ ಕೂಸಿಗೂ ಮೈ ತುಂಬ ನೀರೆರೆದಳಂತೆ.

ಟ್ಯಾಂಕರ್ ನೋಡಿದ ಬೀದಿ ಸುಮ್ಮನಿರುತ್ತದೆಯೇ? ಎದುರುಮನೆ ಏಕಾಂತಯ್ಯ ಬಂದ, ಪಕ್ಕದ ಮನೆ ಅಣ್ಣಮ್ಮ ಬಂದಳು. ತಿಂಗಳೊಳಗೆ ನಲವತ್ತೆರಡು ಮನೆಯವರೂ ಮೆಂಬರುಗಳಾದರು. ಅವರಿಗೆಲ್ಲ ಸನ್ನಡತೆ ಪತ್ರ ಬರೆದೂ ಬರೆದೂ ಆ ಪಶುವೈದ್ಯರ ಇಂಕು ಮುಗಿಯಿತೆಂದು ಸುದ್ದಿ. ಬೀದಿಯಲ್ಲಿ ದೂರು ಕೊಡುವವರು ಒಬ್ಬರೂ ಉಳಿಯಲಿಲ್ಲ. ದೂರಿಲ್ಲದ ಬೀದಿಗೆ ನೀರಿನ ಅವಶ್ಯಕತೆಯಿಲ್ಲವೆಂದು ಮೇಲಿನ ಕಚೇರಿಯವರು ಟ್ಯಾಂಕರನ್ನು ರದ್ದು ಮಾಡಿದರು.

ಹತ್ತು ದಿನ ಕಳೆದು ಸಮಿತಿಯ ಸಭೆ ಸೇರಿತು. ನೀರಿಲ್ಲವೆಂದರೆ ಮೆಂಬರ್‌ಗಿರಿ ಹೋಗುತ್ತದೆ. ಮೆಂಬರ್‌ಗಿರಿ ಹೋದರೆ ಮುಂದೆ ಟ್ಯಾಂಕರ್ ಬಂದರೂ ಸಿಗುವುದಿಲ್ಲ. ಕೆಂಪಕ್ಕ ಮೊಮ್ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ಕೂಸಿನ ಮೈಮೇಲೆಲ್ಲ ಬೆವರುಸಾಲೆ, ಅಳು ನಿಲ್ಲುತ್ತಿರಲಿಲ್ಲ.

"ನೀರು ಸರಬರಾಜಿಗಾಗಿ ಕಚೇರಿಗೆ ವಂದನೆ ಸಲ್ಲಿಸುವ ನಿರ್ಣಯವನ್ನು ಯಾರು ಅನುಮೋದಿಸ್ತೀರಿ?" ಎಂದು ಸಾಹೇಬರು ಕೇಳಿದರು.

ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಕೆಂಪಕ್ಕ. ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು.