ಕಹಿಗತ್ತೆಯ ನಕಲು

ಒಂದು ಬಿಯರು ಸತ್ತರೆ ಊರಲ್ಲಿ ಯಾರೂ ಸೂತಕ ಹಿಡಿಯುವುದಿಲ್ಲ ಅನ್ನುವುದು ಆರ್ಲಿನ್ ಬ್ರಿಸೆಟ್‌ನ ದೂರು. ಅದೂ ಮಾಕ್ಸಿಯಂಥ ಊರಲ್ಲಿ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವನ್ನು ಬೆಳೆದು, ಒಣಗಿಸಿ, ಮೂಟೆ ಕಟ್ಟಿ ದೇಶಕ್ಕೆಲ್ಲ ಕಳಿಸುವ ಊರು. ಎತ್ತ ನೋಡಿದರೂ ತಂತಿ ಹಿಡಿದು ಮೇಲೆ ಹತ್ತಿದ ಬಳ್ಳಿ. ಆಗಸ್ಟ್ ಬಂತೆಂದರೆ ಚರ್ಚಿನ ಒಳಗೂ ಅದರದೇ ವಾಸನೆ. ಇಂಥ ಊರಲ್ಲಿ ಕಹಿಗತ್ತೆ ನಿಂತುಹೋದಾಗ ಒಬ್ಬನೂ ಟೋಪಿ ತೆಗೆಯಲಿಲ್ಲ. ಪಾದ್ರಿಗಳು ಆ ಭಾನುವಾರ ಯಾರದೋ ಮಂಡಿನೋವಿಗೆ ಪ್ರಾರ್ಥನೆ ಮಾಡಿಸಿ ಎಲ್ಲರನ್ನೂ ಮನೆಗೆ ಕಳಿಸಿದರು.

ಕಹಿಗತ್ತೆ ಅನ್ನುವುದು ಬಿಯರಿನ ಹೆಸರು. ಹಸಿರು ಸೀಸೆ, ಲೇಬಲ್ ಮೇಲೆ ಹಿಂಗಾಲು ಝಾಡಿಸುವ ಕತ್ತೆ. (ಬಿಯರ್ ಮುಟ್ಟದವರು ಈ ಪ್ಯಾರಾ ಬಿಟ್ಟು ಮುಂದಕ್ಕೆ ಹೋಗಬಹುದು. ಮುಟ್ಟಿಯೂ ಮುಟ್ಟುವುದಿಲ್ಲ ಅನ್ನುವವರು ಬಾಗಿಲು ಹಾಕಿಕೊಂಡು ಓದಲಿ.) ಮೊದಲ ಗುಟುಕಿಗೆ ಕಿತ್ತಳೆ ಸಿಪ್ಪೆ ಜಗಿದಂಥ ಕಹಿ. ಆಮೇಲೆ ಸ್ವಲ್ಪ ಸಿಹಿ, ಬೈದ ಮೇಲೆ ಬೆನ್ನು ಸವರಿದ ಹಾಗೆ. ಗಂಟಲು ದಾಟಿದ ನಂತರ ಮೂಗಿನ ಹಿಂದಿನಿಂದ ಏಳುವ ಒಂದು ಘಾಟು. ಆ ಘಾಟೇ ಕಹಿಗತ್ತೆಯ ಪ್ರಾಣ. ಹಾಪ್ಸ್ ಒಣಗಿಸುವ ಗೂಡಿನಲ್ಲಿ ದಿನವಿಡೀ ಬೆವರು ಸುರಿಸಿ ಬರುವ ಆರ್ಲಿನ್‌ಗೆ ಅದು ಮೂಗಿಗೆ ಹೊಡೆದಾಗಲೇ ಮನೆಗೆ ಬಂದೆ ಅನ್ನಿಸುತ್ತಿದ್ದದ್ದು. (ನನ್ನ ಮುಖ ನೋಡಿದಾಗ ಯಾಕೆ ಅನ್ನಿಸಲ್ಲ ಅಂತ ಹೆಂಡತಿ ಡೊರೀನ್ ಕೇಳಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ.)

ಆ ಬಿಯರ್ ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ಕೊಂಡಿತು. ಕೊಂಡವರು ಟೈ ಕಟ್ಟಿದ ಮಹಾಶಯರು. ಕಹಿ ಈಗ ಓಡುವುದಿಲ್ಲ, ಜನಕ್ಕೆ ಮಾವಿನಹಣ್ಣಿನ ರುಚಿ ಬೇಕು ಅಂದು ಕತ್ತೆಯನ್ನು ಕೊಟ್ಟಿಗೆಗೆ ಕಟ್ಟಿದರು. ಆರ್ಲಿನ್ ಫೋನ್ ಮಾಡಿ ಬೈದ. ಆ ಕಡೆಯಿಂದ ಮಾತಾಡುತ್ತಿದ್ದದ್ದು ಮಷೀನು. ಅದು ಸಂಗೀತ ಹಾಕಿದ ಮೇಲೂ ಬಿಡದೆ ಬೈದ. ಆಮೇಲೆ ಅಂಗಡಿಯಲ್ಲಿ ಉಳಿದ ಸೀಸೆಗಳನ್ನೆಲ್ಲ ತಂದು, ಒಂದೊಂದಾಗಿ ವರ್ಷವಿಡೀ ಕುಡಿಯುತ್ತೇನೆಂದು ಶಪಥ ಮಾಡಿ, ದುಃಖದಲ್ಲಿ ಬೇಗ ಬೇಗ ಮುಗಿಸಿಬಿಟ್ಟ. ಉಳಿದದ್ದು ಒಂದೇ ಒಂದು. ಅದನ್ನು ಫ್ರಿಜ್ಜಿನ ಹಿಂದಿನ ಮೂಲೆಯಲ್ಲಿ, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ ಜಾಡಿಯ ಮರೆಗೆ ಇಟ್ಟ.

ಆಗ ಹೊಳೆಯಿತು ದಿವ್ಯ ಆಲೋಚನೆ. ತಾನೇ ಮಾಡುವುದು. ಊರಲ್ಲಿ ಅರ್ಧ ಗಂಡಸರು ಮನೆಯಲ್ಲೇ ಬಿಯರ್ ಬೇಯಿಸುತ್ತಾರೆ. ತನಗೇನು ಕೈಯಿಲ್ಲವೇ, ಮೂಗಿಲ್ಲವೇ?

ಮೊದಲ ಸಲ ಅಡುಗೆಮನೆಯಲ್ಲೇ ಒಲೆ ಹಚ್ಚಿದ. ಬಾರ್ಲಿಯ ರಸ ಕುದಿಯುವಾಗ ಹಾಪ್ಸ್ ಸುರಿದು ಬೀಗುತ್ತಾ ಒಂದು ಕ್ಷಣ ಬೆನ್ನು ತಿರುಗಿಸಿದ. ಹಂಡೆ ಉಕ್ಕಿ ಒಲೆ, ನೆಲ, ಬೆಕ್ಕು ಮೂರೂ ಅಂಟಂಟಾದವು. ಬೆಕ್ಕು ತನ್ನನ್ನು ತಾನೇ ನೆಕ್ಕಿಕೊಂಡು ಸ್ವಚ್ಛವಾಯಿತು. ಒಲೆಗೆ ಆ ಬುದ್ಧಿ ಇರಲಿಲ್ಲ. ಡೊರೀನ್ ಮಂಡಿಯೂರಿ ಕೂತು ಕೆರೆದಳು, ಕೆರೆಯುತ್ತಾ ಏನೂ ಮಾತಾಡಲಿಲ್ಲ. ಅವಳು ಮಾತಾಡದೆ ಇರುವುದು ಎಷ್ಟು ಅಪಾಯ ಅನ್ನುವುದು ಮದುವೆಯಾದವರಿಗೆ ಗೊತ್ತು.

ಎದ್ದು ನಿಂತವಳು ಗ್ಯಾರೇಜಿನ ಮಾತು ತೆಗೆದಳು. ಡೊರೀನ್ ಕೌದಿ ಹೊಲಿಯುವವಳು. ಅವಳ ಹತ್ತಿರ ಮಂಚದಷ್ಟು ಉದ್ದದ ಒಂದು ಕೌದಿ ಮಷೀನಿದೆ, ಅದು ತಂಗಿ ಲೊರೇನಳ ಊಟದ ಕೋಣೆಯಲ್ಲಿ ಮಲಗಿದೆ. ಲೊರೇನಳ ಮನೆಯವರು ತಟ್ಟೆ ತೊಡೆ ಮೇಲಿಟ್ಟುಕೊಂಡು ಉಣ್ಣುವಂತಾಗಿ ಕಾಲವಾಯಿತು. ಅದಕ್ಕೆ ಜಾಗ ಕೊಡು ಅಂತ ಡೊರೀನ್ ಕೇಳುತ್ತಲೇ ಇದ್ದಳು, ಆರ್ಲಿನ್ ಈ ಚಳಿಗಾಲ ಕಳೆಯಲಿ, ಈ ಬೇಸಿಗೆ ಕಳೆಯಲಿ ಅನ್ನುತ್ತಲೇ ಇದ್ದ. ಈಗ ಅವಳು ಒಪ್ಪಂದ ಹಾಕಿದಳು. ಹಾಪ್ಸ್ ಕೊಯ್ಲು ಶುರುವಾಗುವವರೆಗೆ ಗ್ಯಾರೇಜು ಅವನದು, ಏನು ಬೇಕಾದರೂ ಬೇಯಿಸಲಿ. ಅಷ್ಟರೊಳಗೆ ಕಹಿಗತ್ತೆ ಬಂದರೆ ಸಾಯುವವರೆಗೂ ಅವನದೇ. ಬರದಿದ್ದರೆ ಹಂಡೆ ಹೊರಗೆ, ಮಷೀನು ಒಳಗೆ.

"ಬಂತೋ ಇಲ್ವೋ ಅಂತ ತೀರ್ಪು ಕೊಡೋರು ಯಾರು? ನಿನ್ನ ತಂಗಿನಾ?" ಅಂದ ಆರ್ಲಿನ್.

"ನೀನೇ ಕೊಡು. ನೀನು ನನ್ನ ಹತ್ರ ಸುಳ್ಳು ಹೇಳಿದ್ದೀಯ, ಪಾದ್ರಿಗಳ ಹತ್ರ ಹೇಳಿದ್ದೀಯ, ನಿಮ್ಮಮ್ಮನ ಹತ್ರ ದಿನಾ ಹೇಳ್ತಿದ್ದೆ. ಬಿಯರ್ ವಿಷಯದಲ್ಲಿ ಮಾತ್ರ ನಿನ್ನ ಬಾಯಿಗೆ ಸುಳ್ಳು ಬರಲ್ಲ, ಮಾರಾಯ. ನಂಗದು ಸಾಕು."

ಆರ್ಲಿನ್ ಒಳಗೊಳಗೇ ಕುಣಿದ. ಕಳ್ಳನನ್ನೇ ನ್ಯಾಯಾಧೀಶನ ಕುರ್ಚಿಗೆ ಕೂರಿಸಿದ್ದಾಳೆ, ಪೆದ್ದಿ ಅಂದುಕೊಂಡ.

ಪಕ್ಕದ ಮನೆಯ ವೆಂಡೆಲ್ ಅದೇ ಬಿಯರ್ ಕಂಪನಿಯಲ್ಲಿ ಹಂಡೆ ಕಾಯ್ದು ತಲೆ ನರೆಸಿಕೊಂಡ ಮುದುಕ. ಸೂರ್ಯಕಾಂತಿ ಬೀಜ ಬಾಯಿಗೆಸೆದುಕೊಂಡು ಸಿಪ್ಪೆ ಉಗಿಯುವುದು ಬಿಟ್ಟರೆ ಬೇರೆ ಚಟವಿಲ್ಲ. ಆರ್ಲಿನ್ ಬೇಲಿಗೆ ಆತು ನಿಂತು ಕಹಿಗತ್ತೆಯ ಗುಟ್ಟು ಕೇಳಿದ. ಕಂಪನಿಗೆ ಮಾತು ಕೊಟ್ಟಿದ್ದೀನಿ ಅಂದ ವೆಂಡೆಲ್. ಯಾವ ಕಂಪನಿ, ಇದೆಯಾ ಅದು ಅಂತ ಆರ್ಲಿನ್ ಕೂಗಾಡಿದ. ಮುದುಕ ಉಗಿದನೇ ಹೊರತು ಬಾಯಿ ಬಿಡಲಿಲ್ಲ. ಜೂನಿನ ಬಿಸಿಲಿಗೆ ಅವನ ಮನೆಯ ಕೂಲರ್ ಕೆಟ್ಟಿತು. ಆರ್ಲಿನ್ ಕಾದ ಛಾವಣಿ ಹತ್ತಿ, ಅಂಗೈ ಸುಟ್ಟುಕೊಂಡು ರಿಪೇರಿ ಮಾಡಿ ಇಳಿದ. ಆ ತಂಪು ಗಾಳಿಗೆ ವೆಂಡೆಲ್‌ನ ಪ್ರತಿಜ್ಞೆಯೂ ಸಡಿಲವಾಯಿತು. ಯಾವ ಬಾರ್ಲಿ, ಯಾವ ಹಾಪ್ಸ್, ಯಾವಾಗ ಎಷ್ಟು, ಯಾವ ಯೀಸ್ಟು, ಎಲ್ಲ ಹೇಳಿಬಿಟ್ಟ. ನೀರೂ ಅದೇ ಕಣಿವೆಯ ನೀರು.

ಹಾಗೆಯೇ ಮಾಡಿದ. ಹುದುಗು ಬಂತು, ನೊರೆ ಬಂತು, ಬಣ್ಣ ಬಂತು. ಸೀಸೆ ತೆರೆದು ಕುಡಿದರೆ ಕಹಿ ಬಂತು, ಸಿಹಿ ಬಂತು, ಘಾಟು ಬರಲಿಲ್ಲ. ಹೂವಿನ ವಾಸನೆ, ಹಣ್ಣಿನ ವಾಸನೆ, ಯಾರೋ ಮೈಗೆ ಸೆಂಟು ಹಚ್ಚಿಕೊಂಡು ಮದುವೆಗೆ ಹೊರಟ ಹಾಗೆ. ಅಷ್ಟನ್ನೂ ಮೋರಿಗೆ ಸುರಿದ.

ಮುಂದಿನ ಸಲ ಹಾಪ್ಸ್ ದುಪ್ಪಟ್ಟು ಹಾಕಿದ. ಘಾಟು ಬರಲಿಲ್ಲ, ದವಡೆ ಹಿಡಿದುಕೊಂಡಿತು. ಅದರ ಮುಂದಿನ ಸಲ ಬಾರ್ಲಿ ಸೀಯಿಸಿದ. ಆಮೇಲೆ ಗೂಡಿನ ಮೂಲೆಯಲ್ಲಿ ಬಿದ್ದಿದ್ದ ಹೋದ ವರ್ಷದ ಮುಗ್ಗಲು ಹಾಪ್ಸ್ ಹಾಕಿದ, ಪೈನ್ ಮರದ ಚಿಗುರು ಹಾಕಿದ, ಒಂದು ಸಲ ಯಾರಿಗೂ ಹೇಳದೆ ಬೆಳ್ಳುಳ್ಳಿ ಸಿಪ್ಪೆಯನ್ನೂ ಹಾಕಿದ. (ಅದನ್ನು ಕುಡಿದ ದಿನ ಬೆಕ್ಕು ಕೂಡ ಅವನ ಪಕ್ಕ ಮಲಗಲಿಲ್ಲ.) ಮೋರಿ ಕುಡಿದಷ್ಟು ಬಿಯರನ್ನು ಆ ಬೇಸಿಗೆ ಊರಲ್ಲಿ ಯಾರೂ ಕುಡಿದಿರಲಿಕ್ಕಿಲ್ಲ. ಆರ್ಲಿನ್ ಇಳಿದುಹೋದ. ಕೆಲಸದಲ್ಲಿ ಫೋರ್‌ಮನ್ ತಪ್ಪು ಹುಡುಕಿದರೂ ತಿರುಗಿ ಬೈಯಲಿಲ್ಲ. ಫೋರ್‌ಮನ್ ಹೆದರಿ ಡೊರೀನಳಿಗೆ ಫೋನ್ ಮಾಡಿ, ಮನೆಯಲ್ಲಿ ಯಾರಾದರೂ ತೀರಿಕೊಂಡರಾ ಅಂತ ವಿಚಾರಿಸಿದ.

ಡೊರೀನ್ ಮಾತ್ರ ಒಂದು ಚುಚ್ಚುಮಾತೂ ಆಡಲಿಲ್ಲ. ಗ್ಯಾರೇಜಿಗೆ ಬಂದು ಗೋಡೆಗೆ ಟೇಪು ಹಿಡಿದು ಅಳತೆ ತೆಗೆದುಕೊಂಡು, ಊಟಕ್ಕೆ ಬಾ ಅಂತ ಹೇಳಿ ಹೋಗುತ್ತಿದ್ದಳು.

ಕೊಯ್ಲಿಗೆ ಮುಂಚೆ ಇನ್ನೊಂದೇ ಸಲ ಬೇಯಿಸುವಷ್ಟು ಸಮಯ ಉಳಿದಾಗ ವೆಂಡೆಲ್ ಬೇಲಿ ದಾಟಿ ಬಂದ. ಬೆಳ್ಳುಳ್ಳಿ ಸುದ್ದಿ ಅವನ ಮೂಗಿಗೂ ಮುಟ್ಟಿತ್ತು. ಈ ಸಲವಾದರೂ ನಿನ್ನ ಬುದ್ಧಿ ಪಕ್ಕಕ್ಕಿಟ್ಟು ನಾನು ಹೇಳಿದ ಹಾಗೆ ಮಾಡು ಅಂದು, ಸ್ಟೂಲ್ ಹಾಕಿಕೊಂಡು ಎದುರಿಗೇ ಕೂತ. ಆರ್ಲಿನ್ ಹಂಡೆ ಕಡೆ ಕೈ ಚಾಚಿದಾಗಲೆಲ್ಲ ಸಿಪ್ಪೆ ಉಗಿದ. ಸೀಸೆಗೆ ತುಂಬಿ ಮುಚ್ಚಳ ಒತ್ತಿ, ಕತ್ತಲ ಮೂಲೆಯಲ್ಲಿಟ್ಟು, ಆಮೇಲೆ ಫ್ರಿಜ್ಜಿಗೆ ಸೇರಿಸುವವರೆಗೂ ಮುದುಕ ಕಣ್ಣು ತಪ್ಪಿಸಲಿಲ್ಲ.

ತೀರ್ಪಿನ ದಿನ ಬಂತು. ಭಾನುವಾರ, ಚರ್ಚಿನ ಪೂಜೆ ಮುಗಿದ ಮೇಲೆ, ಅಡುಗೆಮನೆಯ ಮೇಜು. ಮಾರನೆ ದಿನ ಕೊಯ್ಲು. ಆರ್ಲಿನ್ ದಾರಿಯಲ್ಲೇ ನಿರ್ಧಾರ ಮಾಡಿಬಿಟ್ಟಿದ್ದ. ಏನೇ ರುಚಿ ಇರಲಿ, ಕುಡಿಯುವುದು, ಕಣ್ಣು ಮುಚ್ಚುವುದು, ಆಹಾ ಇದೇ ಅನ್ನುವುದು. ಒಂದು ಸುಳ್ಳಿಗೆ ಇಡೀ ಗ್ಯಾರೇಜು. ಸೋಮವಾರ ಎದ್ದು ಪಾದ್ರಿಗಳ ಹತ್ತಿರ ತಪ್ಪೊಪ್ಪಿಕೊಂಡರೆ ಅದೂ ಸರಿಹೋಗುತ್ತದೆ.

ಸಾಕ್ಷಿಗೆ ವೆಂಡೆಲ್ ಬಂದ. ಡೊರೀನ್ ಒಂದು ಗ್ಲಾಸಿಗೆ ಕೊನೆಯ ಕಹಿಗತ್ತೆಯನ್ನೂ ಇನ್ನೊಂದಕ್ಕೆ ಮನೆಯದನ್ನೂ ಸುರಿದಳು. ಆರ್ಲಿನ್ ಮೊದಲು ಕಂಪನಿಯದನ್ನು ಕುಡಿದ. ಘಾಟು ಎದ್ದು ಕಣ್ಣಲ್ಲಿ ನೀರು ತುಂಬಿತು. ಆಮೇಲೆ ತನ್ನದನ್ನು ಕುಡಿದ. ಮತ್ತದೇ ಹೂವು, ಮತ್ತದೇ ಮದುವೆ ಸೆಂಟು. ಆದರೂ ಗಟ್ಟಿ ಮನಸ್ಸು ಮಾಡಿ, ಮುಖದ ಮೇಲೆ ನಗು ತಂದು, ಆಹಾ ಅನ್ನಲು ಬಾಯಿ ತೆರೆದ.

ವೆಂಡೆಲ್ ಮೊದಲು ಬಾಯಿ ಹಾಕಿದ. ಅವನೂ ಎರಡು ಗ್ಲಾಸಿನಿಂದಲೂ ಒಂದೊಂದು ಗುಟುಕು ಹೀರಿದ್ದ. "ಇದೇ ಕಹಿಗತ್ತೆ ತಮ್ಮಾ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ," ಅಂದು ಆರ್ಲಿನ್ ಮಾಡಿದ್ದನ್ನು ಎತ್ತಿ ತೋರಿಸಿದ. ಇನ್ನೊಂದು ಗ್ಲಾಸನ್ನು ಬೆರಳ ತುದಿಯಿಂದ ದೂರ ತಳ್ಳಿದ. "ಇದ್ಯಾವುದೋ ಗೊತ್ತಿಲ್ಲ. ಇದನ್ನ ನಾನಂತೂ ಹಂದಿಗೂ ಹಾಕಲ್ಲ."

ತನ್ನನ್ನು ಬೈದಿದ್ದರೆ ಆರ್ಲಿನ್ ನುಂಗಿಕೊಳ್ಳುತ್ತಿದ್ದ. ಮುದುಕ ಬೈದದ್ದು ಕಹಿಗತ್ತೆಯನ್ನು. ನೆತ್ತಿಗೆ ಏರಿತು. ಅಲ್ಲಿಯವರೆಗೆ 'ನೀವು' ಅನ್ನುತ್ತಿದ್ದವನು 'ನೀನು'ಗೆ ಇಳಿದ.

"ಏನಂದೆ ಮುದುಕಾ? ಜೀವಮಾನವೆಲ್ಲ ಹಂಡೆ ಕಾಯ್ದು ನಿನ್ನ ಬಿಯರೇ ನಿನಗೆ ಗುರುತು ಸಿಗಲ್ವಾ? ನನಗೆ ಮೀಸೆ ಬಂದಾಗಿಂದ ಕುಡಿದಿರೋದು ಇದನ್ನ. ನಾನು ಮಾಡಿರೋದು ಪಾತ್ರೆ ತೊಳೆದ ನೀರು. ಅದು ಕಹಿಗತ್ತೆಯೇ ಅಲ್ಲ. ಅದರ ಹತ್ತಿರಕ್ಕೂ ಬರಲ್ಲ. ದೇವರಾಣೆಗೂ ಅಲ್ಲ."

ಡೊರೀನ್ ಮೆಲ್ಲಗೆ ಏಪ್ರನ್ನು ಬಿಚ್ಚಿ ಮೊಳೆಗೆ ಹಾಕಿದಳು. "ದೇವರಾಣೆ ಅಂತ ಬೇರೆ ಹೇಳಿದೆ," ಅಂದು ತಂಗಿಗೆ ಫೋನ್ ಮಾಡಲು ಹೋದಳು. ವ್ಯಾನು ತರಲು ಲೊರೇನಳ ಗಂಡನಿಗೆ ಹೇಳಿಟ್ಟಾಗಿತ್ತು.

ವೆಂಡೆಲ್‌ಗೆ ಕೋಪ ಬಂದಿರಲಿಲ್ಲ, ಆಶ್ಚರ್ಯ ಬಂದಿತ್ತು. ಆ ಹಸಿರು ಸೀಸೆಯನ್ನು ಎತ್ತಿ ಮೂಸಿದ. ಇದನ್ನು ಎಲ್ಲಿಂದ ತರುತ್ತಿದ್ದೆ ಅಂತ ಕೇಳಿದ. ಇನ್ನೆಲ್ಲಿಂದ, ಕೆಲಸ ಮುಗಿಸಿ ಬರುವ ದಾರಿಯ ಪೆಟ್ರೋಲ್ ಬಂಕಿನ ಅಂಗಡಿಯಿಂದ ಅಂದ ಆರ್ಲಿನ್. ಅಂಗಡಿಯಲ್ಲಿ ಎಲ್ಲಿ ಇಡುತ್ತಿದ್ದರು? ಕಿಟಕಿಯಲ್ಲಿ, ಗೋಪುರದ ಹಾಗೆ ಜೋಡಿಸಿ. ಅವನೊಬ್ಬನೇ ಗಿರಾಕಿ, ಅದಕ್ಕೆ ಅವು ಅಲ್ಲೇ ಇರುತ್ತಿದ್ದವು. ಯಾವ ದಿಕ್ಕಿನ ಕಿಟಕಿ? ಪಶ್ಚಿಮದ್ದು. ಮಧ್ಯಾಹ್ನದ ಮೇಲೆ ಹೋದರೆ ಸೀಸೆ ಹಿಡಿದ ಕೈಯೂ ಬೆಚ್ಚಗಾಗುತ್ತಿತ್ತು, ಮನೆಗೆ ತಂದು ತಣ್ಣಗೆ ಮಾಡಬೇಕಾಗುತ್ತಿತ್ತು.

ಮುದುಕ ಬಾಯಲ್ಲಿದ್ದ ಸಿಪ್ಪೆಯನ್ನು ಉಗಿಯುವುದನ್ನೇ ಮರೆತ. ಹಾಪ್ಸ್ ಜಾಸ್ತಿ ಇರುವ ಬಿಯರು ಹಸಿರು ಸೀಸೆಯಲ್ಲಿ ಬಿಸಿಲು ಕಂಡರೆ ಕೆಟ್ಟುಹೋಗುತ್ತದೆ. ಹೆದರಿದರೆ ಬಾಲ ಎತ್ತಿ ನಾತ ಬಿಡುವ ಸ್ಕಂಕ್ ಅನ್ನುವ ಪ್ರಾಣಿ ಇದೆಯಲ್ಲ, ಕೆಟ್ಟ ಬಿಯರಿನಿಂದ ಬರುವುದು ಆ ನಾತ. ಕಂಪನಿಯಲ್ಲಿ ಅಂಥ ಸೀಸೆ ವಾಪಸು ಬಂದರೆ ಮೂಗು ಮುಚ್ಚಿಕೊಂಡು ಚೆಲ್ಲುತ್ತಿದ್ದೆವು ಅಂತ ಅವನು ಬಿಡಿಸಿ ಹೇಳಿದ. ಹೇಳುವಾಗ ದನಿಯಲ್ಲಿ ಕನಿಕರ ಇತ್ತು. ಆರ್ಲಿನ್‌ಗೆ ಅದೇ ಸಹಿಸಲಾಗಲಿಲ್ಲ. ಜೀವಮಾನವೆಲ್ಲ ತಾನು ಪೂಜೆ ಮಾಡಿದ ಆ ಘಾಟು ಸ್ಕಂಕಿನ ಬಾಲದ ಕೆಳಗಿನದು.

ಆದರೂ ಮುಳುಗುವವನಿಗೆ ಒಂದು ಹಗ್ಗ ಕಾಣಿಸಿತು. ಡೊರೀನ್ ಫೋನಿಟ್ಟು ಬರುವುದನ್ನೇ ಕಾದು, ಹಾಗಾದರೆ ತನ್ನದು ಸರಿಯಾಗೇ ಬಂದಿದೆ, ಮಾಡಿದವನೇ ಒಪ್ಪಿದ್ದಾನೆ, ಗ್ಯಾರೇಜು ತನ್ನದು ಅಂತ ವಾದ ಹೂಡಿದ.

"ವೆಂಡೆಲ್ ಒಪ್ಪಿದ. ತೀರ್ಪು ಕೊಡಬೇಕಾದವನು ನೀನು, ಕೊಟ್ಟಾಯ್ತು," ಅಂದಳು ಡೊರೀನ್. ಆಮೇಲೆ ಸ್ವಲ್ಪ ಮೆತ್ತಗಾಗಿ, "ನಿನಗೆ ಬೇಕಾಗಿರೋ ಬಿಯರಿಗೆ ಗ್ಯಾರೇಜ್ ಯಾಕೆ ಆರ್ಲಿನ್? ಒಂದು ಕಿಟಕಿ ಸಾಕು," ಅಂದಳು.

ವ್ಯಾನು ಬಂತು. ಹಂಡೆ, ಜಾಡಿ, ಕೊಳವೆಗಳೆಲ್ಲ ಅಂಗಳದ ಜಲ್ಲಿಗೆ ಇಳಿದವು, ಮಂಚದುದ್ದದ ಮಷೀನು ರಾಣಿಯ ಹಾಗೆ ಒಳಗೆ ಹೋಯಿತು. ಆ ಗಲಾಟೆಯಲ್ಲಿ ಆರ್ಲಿನ್ ಖಾಲಿಯಾದ ಹಸಿರು ಸೀಸೆಗೆ ತನ್ನದನ್ನು ತುಂಬಿ, ಮುಚ್ಚಳ ಒತ್ತಿ, ಕಾರಿನ ಮುಂದಿನ ಗಾಜಿನ ಹಿಂದೆ ಬಿಸಿಲಿಗಿಟ್ಟ. ಸಂಜೆ ತಣ್ಣಗೆ ಮಾಡಿ ತೆರೆದ. ಕಹಿ, ಸಿಹಿ, ಮೂಗಿನ ಹಿಂದಿನಿಂದ ಘಾಟು. ಕಹಿಗತ್ತೆ ಬಂದಿತ್ತು. ಗ್ಯಾರೇಜು ಹೋಗಿತ್ತು. ಬಂದದ್ದಕ್ಕೆ ಅಳಬೇಕೋ ಹೋದದ್ದಕ್ಕೆ ಅಳಬೇಕೋ ತಿಳಿಯದೆ ಮೆಟ್ಟಿಲ ಮೇಲೆ ಕೂತು ಎರಡಕ್ಕೂ ಸೇರಿಸಿ ಅತ್ತ.

ಇಷ್ಟಕ್ಕೇ ಮುಗಿದಿದ್ದರೆ ಅವನ ಹಣೆಬರಹ ಪರವಾಗಿರಲಿಲ್ಲ. ಮೋರಿಗೆ ಹೋಗದೆ ಉಳಿದಿದ್ದ ತಾಜಾ ಬಿಯರನ್ನು ಡೊರೀನ್ ಗ್ಯಾರೇಜಿಗೆ ಕೌದಿ ಹೊಲಿಯಲು ಬರತೊಡಗಿದ ಹೆಂಗಸರಿಗೆ ಕೊಟ್ಟಳು. ಅವರು ಮೊದಲು ತುಟಿ ತೇವ ಮಾಡಿಕೊಂಡರು, ಆಮೇಲೆ ಗ್ಲಾಸು ಚಾಚಿದರು. ಹೂವಿನಂಥ ವಾಸನೆ, ಇಂಥದ್ದು ಕುಡಿದೇ ಇಲ್ಲ ಅಂದರು. ಈಗ ಕೊಯ್ಲಿನ ಕೆಲಸದ ಮೇಲೆ, ಬಿಡುವು ಸಿಕ್ಕ ಹೊತ್ತಲ್ಲೆಲ್ಲ, ಆರ್ಲಿನ್ ಅಂಗಳದ ಜಲ್ಲಿ ಮೇಲೆ ಒಲೆ ಹೂಡಿ, ತನ್ನ ನಾಲಿಗೆಗೆ ಹಿಡಿಸದ ಬಿಯರನ್ನು ತಪ್ಪಿಲ್ಲದೆ ಬೇಯಿಸುತ್ತಾನೆ. ತನ್ನ ಪಾಲಿಗೆ ಆ ಹಸಿರು ಸೀಸೆಯೊಂದನ್ನು ತುಂಬಿ ಕಾರಿನ ಗಾಜಿನ ಹಿಂದೆ ಬಿಸಿಲಿಗಿಡುತ್ತಾನೆ. ವೆಂಡೆಲ್ ಸ್ಟೂಲ್ ಹಾಕಿಕೊಂಡು ಕೂರುತ್ತಾನೆ. ಒಳಗಿನಿಂದ ಮಷೀನಿನ ಗಡಗಡ, ಹೆಂಗಸರ ನಗು, ಇನ್ನೊಂದು ತಾ ಆರ್ಲಿನ್ ಅನ್ನುವ ಕೂಗು.

ಹೋದ ವಾರ ಹೊಸದಾಗಿ ಸೇರಿದ ಹೆಂಗಸೊಬ್ಬಳು ಅವನ ಹತ್ತಿರ ಬಂದು, ತುಂಬ ಮರ್ಯಾದೆಯಿಂದ, ಗುಟ್ಟು ಹೇಳುವವಳ ಹಾಗೆ ಬಗ್ಗಿದಳು.

"ನಿಮ್ಮ ಕಾರಿನಲ್ಲಿ ಒಂದು ಸೀಸೆ ಬಿಸಿಲಿಗೆ ಸಿಕ್ಕಿ ಕೆಟ್ಟುಹೋಗಿತ್ತು. ಯಾರಾದ್ರೂ ಕುಡಿದಿದ್ರೆ ನಿಮ್ಮ ಹೆಸರೇ ಹಾಳಾಗ್ತಿತ್ತು. ನಾನೇ ಚೆಲ್ಲಿ, ಸೀಸೆ ತೊಳೆದು ಇಟ್ಟಿದ್ದೀನಿ."

ಆರ್ಲಿನ್ ಬೈಯಲೆಂದು ಬಾಯಿ ತೆರೆದ. ಥ್ಯಾಂಕ್ಸ್ ಅಂದು, ಕುದಿಯುವ ಹಂಡೆಗೆ ಹಾಪ್ಸ್ ಸುರಿದ.