ಕಿದ್ವಾಯಿ ನಗರದ ಒಂದೆಲಗ

ನಾನು ಹುಟ್ಟಾ ಪುಕ್ಕಲ. ಬಾಗಿಲ ಬೆಲ್ಲು ಎರಡು ಸಲ ಬಡಿದರೆ ಟೆಲಿಗ್ರಾಂ ಬಂತೆಂದೇ ಎದೆ ಹಾರುತ್ತದೆ. ಇಂಥವನು ಮೇಲಧಿಕಾರಿಗೇ ವಿಷವಿಕ್ಕಿದನೆಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಒಂದು ಭಾನುವಾರ ಮಧ್ಯಾಹ್ನದಿಂದ ಸಂಜೆಯವರೆಗೆ ನಾನಂತೂ ನಂಬಿದ್ದೆ.

ದೆಹಲಿಗೆ ಬಂದು ಒಂಬತ್ತು ವರ್ಷವಾಗಿತ್ತು. ಕಿದ್ವಾಯಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಹಿಂದೆ, ನೀರಿನ ಟ್ಯಾಂಕು ಸೋರಿ ಚರಂಡಿಗೆ ಹರಿಯುವಲ್ಲಿ, ದುಂಡು ದುಂಡು ಎಲೆ ಹಬ್ಬಿದ್ದು ಕಂಡು ಕಣ್ಣಲ್ಲಿ ನೀರೇ ಬಂತು. ಒಂದೆಲಗ! ಇಲ್ಲಿಯವರ ಬಾಯಲ್ಲಿ ಬ್ರಾಹ್ಮಿ. ಹೆಂಡತಿ ಶಾರದೆ ಅದನ್ನು ಕಾಯಿ, ಜೀರಿಗೆಯೊಂದಿಗೆ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡಿದಳು. ಆ ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆದದ್ದು ನಮ್ಮ ಡೈರೆಕ್ಟರ್ ರಾಯರನ್ನು. ಅವರೂ ನಮ್ಮ ಕಡೆಯವರೇ. ನಾನು ಕೇಳಿಕೊಂಡಿದ್ದ ಮೈಸೂರು ವರ್ಗಾವಣೆಯ ಫೈಲು ಅವರ ಮೇಜಿನ ಮೇಲಿತ್ತು. ರಾಯರು ಮೂರು ಲೋಟ ಕುಡಿದು, "ಎಷ್ಟು ಕಾಲವಾಗಿತ್ತು ಕಣ್ರೀ!" ಎಂದು ತೇಗಿ ಹೊರಟರು. ನಮಗೆ ಪಾತ್ರೆಯ ತಳ ಉಳಿಯಿತು.

ಮಿಕ್ಕ ಸೊಪ್ಪನ್ನು ಮೇಲಿನ ಮನೆಯ ಮಾಥುರ್ ಮೇಡಂಗೆ ಕೊಡಲು ಹೋದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವರು. ಎಲೆ ತಿರುವಿ ನೋಡಿ, "ಭಾಯಿ ಸಾಬ್, ಇದು ಬ್ರಾಹ್ಮಿ ಅಲ್ಲ. ಬ್ರಾಹ್ಮಿಯ ಎಲೆ ಒಂದು ಕಡೆ ಸೀಳಿರುತ್ತೆ, ತೊಟ್ಟು ಅಲ್ಲಿಂದ. ಇದಕ್ಕೆ ಸೀಳೇ ಇಲ್ಲ, ತೊಟ್ಟು ನಟ್ಟನಡುವೆ, ಛತ್ರಿ ಹಾಗೆ. ಅಮೆರಿಕದ ಗಿಡ. ಯಾರೋ ಅಕ್ವೇರಿಯಂ ತೊಳೆದು ಎಸೆದದ್ದು ಹಬ್ಬಿಕೊಂಡಿದೆ" ಎಂದರು.

ನಾನು ಸೊಪ್ಪನ್ನು ಕೆಳಗಿಟ್ಟೆ. "ತಿಂದರೆ?"

"ಮೀನಿಗೇನೂ ಆಗಲ್ಲ. ಮನುಷ್ಯರು ತಿಂದದ್ದು ನಾನು ಕೇಳಿಲ್ಲ."

ಕೆಳಗಿಳಿದವನೇ ರಾಯರ ಮನೆಗೆ ಫೋನ್ ಮಾಡಿದೆ. ಅವರ ಶ್ರೀಮತಿ, "ಮಲಗಿದಾರೆ, ಕೂಗಿದ್ರೂ ಏಳ್ತಿಲ್ಲ" ಎಂದರು. ಶಾರದೆ ದೇವರಿಗೆ ತುಪ್ಪದ ದೀಪ ಹಚ್ಚಿದಳು. ತಿಳಿಯದೆ ಮಾಡಿದ ಕೊಲೆಗೆ ರಿಯಾಯಿತಿ ಉಂಟೇ, ಜೈಲಿಗೆ ಹೋದವನ ಹೆಂಡತಿಗೆ ಕ್ವಾರ್ಟರ್ಸು ಉಳಿಯುತ್ತದೆಯೇ ಎಂದೆಲ್ಲ ಗುಮಾಸ್ತನ ಬುದ್ಧಿ ಓಡಿತು. ಅರ್ಧ ಗಂಟೆಗೊಮ್ಮೆ ಫೋನ್ ಮಾಡಿದೆ. ನಾಲ್ಕನೆಯ ಸಲ ರಾಯರೇ ಎತ್ತಿ, "ಏನ್ರೀ ನಿಮ್ಮ ಗಲಾಟೆ?" ಎಂದು ಗದರಿದರು. ಅವರ ಬೈಗುಳ ಅಷ್ಟು ಇಂಪಾಗಿ ಎಂದೂ ಕೇಳಿಸಿರಲಿಲ್ಲ. "ಏನಿಲ್ಲ ಸಾರ್, ಆರೋಗ್ಯ ವಿಚಾರಿಸೋಣ ಅಂತ" ಎಂದೆ.

ಸೋಮವಾರ ತಮ್ಮ ಕೋಣೆಗೆ ಕರೆಸಿಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು. "ನನ್ನ ಸ್ವಂತ ತಮ್ಮ ದೀಪಾವಳಿಗೂ ಫೋನ್ ಮಾಡಲ್ಲ. ನೀವು ನಾಲ್ಕು ಸಲ! ನಿಮ್ಮಂಥವರನ್ನ ಬಿಟ್ಟುಕೊಟ್ಟು ನಾನಿಲ್ಲಿ ಏನು ಮಾಡ್ಲಿ?" ಎಂದವರೇ ಮೈಸೂರಿನ ಫೈಲು ಎಳೆದುಕೊಂಡು, ಇವರನ್ನು ರಿಲೀವ್ ಮಾಡಲಾಗದು ಎಂದು ಬರೆದು ಸಹಿ ಹಾಕಿದರು. ಫೋನ್ ಮಾಡಿದ ನಿಜವಾದ ಕಾರಣ ಆಗಲಾದರೂ ಬಾಯಿಬಿಟ್ಟಿದ್ದರೆ, ಆ ಕ್ಷಣವೇ ನನ್ನನ್ನು ದೆಹಲಿಯಿಂದ ಮೈಸೂರಿಗೆ ಓಡಿಸುತ್ತಿದ್ದರು. ಆದರೆ ಹೆದರಿಕೆ. ಎರಡೂ ಕೈ ಜೋಡಿಸಿ, "ತಮ್ಮ ಪ್ರೀತಿ ದೊಡ್ಡದು ಸಾರ್" ಎಂದೆ.