ಮಾವನ ಸ್ಟೀರಿಯೋಗೆ ಕೈ ಹಾಕಿದ್ದು

ಎಲ್ಲಕ್ಕೂ ಮೂಲ ಧೂಳು ಒರೆಸುವ ಒಂದು ಬಟ್ಟೆ ಚೂರು. ಭಾನುವಾರ ಬೆಳಿಗ್ಗೆ ಆಸ್ಪತ್ರೆಯ ಡ್ಯೂಟಿಗೆ ಹೊರಡುತ್ತಿದ್ದ ಹೆಂಡತಿ, "ಮುಂದಿನ ರೂಮು ಒರೆಸಿಡಿ. ಅಪ್ಪನ ಸೆಟ್ಟು ಮಾತ್ರ ಮುಟ್ಟಬೇಡಿ" ಎಂದಿದ್ದಳು. ನಮ್ಮ ಅಳಿಯ ಮುಟ್ಟಲಿಲ್ಲ, ಒರೆಸಿದ. ಎರಡಕ್ಕೂ ವ್ಯತ್ಯಾಸವಿದೆ ಎಂಬುದು ಅವನ ತಿಳುವಳಿಕೆ.

ಅವನಿಗೂ ಕಾರಣವಿತ್ತು. ನಾಲ್ಕು ವರ್ಷದಿಂದ ಅವನು ಮನೆ ಅಳಿಯ. ಮಾವ ನಿವೃತ್ತ ಜೈಲರ್. ಊಟಕ್ಕೆ ಕೂತಾಗ ಈಗಲೂ ತಲೆ ಎಣಿಸುತ್ತಾರೆ, ಇರುವುದು ಮೂರೇ ತಲೆಯಾದರೂ. ಎರಡು ಬೀದಿ ಆಚೆ ಪುಟ್ಟ ಬಾಡಿಗೆ ಮನೆಯೊಂದು ಖಾಲಿಯಾಗಿತ್ತು. ತಿಂಗಳುಗಟ್ಟಲೆ ಧೈರ್ಯ ಕೂಡಿಸಿ, ಅಲ್ಲಿಗೆ ಬೇರೆ ಹೋಗಬಹುದೇ ಎಂದು ಅಳಿಯ ಕೇಳಿಯೂ ಬಿಟ್ಟಿದ್ದ. ಸ್ನೇಹಿತರ ಮನೆಗೆ ಹೋಗಿದ್ದ ಮಾವ ಸಂಜೆ ಐದಕ್ಕೆ ಹಿಂತಿರುಗುವಾಗ ಆ ಮನೆ ನೋಡಿಕೊಂಡು ಬಂದು ಹೂಂ ಅಥವಾ ಊಹೂಂ ಹೇಳುವವರಿದ್ದರು. ಇಂಥ ದಿನ ಅವರ ಪ್ರಾಣದಂತಿದ್ದ ಮೂವತ್ತೈದು ವರ್ಷದ ಸ್ಟೀರಿಯೋ ಮೇಲೆ ಧೂಳು ಕೂತಿರುವುದು ಬೇಡ ಎಂದು ಅವನಿಗನಿಸಿತು.

ಒರೆಸಿದ ಮೇಲೆ ಸುಮ್ಮನಿರಬಹುದಿತ್ತು. ಏನಾದರೂ ಕೆಟ್ಟಿತೋ ಎಂಬ ಅನುಮಾನ ಹುಟ್ಟಿ ಒಂದು ರೆಕಾರ್ಡು ಹಾಕಿದ. ದೀಪ ಹತ್ತಿತು, ತಟ್ಟೆ ತಿರುಗಿತು, ಮುಳ್ಳು ಕೂತಿತು. ಸ್ಪೀಕರುಗಳು ತುಟಿ ಪಿಟಕ್ಕೆನ್ನಲಿಲ್ಲ. ವಾಲ್ಯೂಮನ್ನು ಕೊನೆಯವರೆಗೂ ತಿರುಗಿಸಿದ. ಊಹೂಂ.

ಅಳಿಯ ಬಾಲ್ಕನಿಗೆ ಓಡಿದರೆ, ಕೆಳಮನೆಯ ನಿವೃತ್ತ ಲೈನ್‌ಮ್ಯಾನ್ ಕಾಲುಚೀಲ ಒಣಗಿಸುತ್ತಿದ್ದ. ವಿಷಯ ತಿಳಿದದ್ದೇ ಮೇಲೆ ಬಂದು ಪ್ಲಗ್ ಕಿತ್ತ. ಆಮೇಲೆ ಕುರ್ಚಿಯ ಮೇಲೆ ಎರಡೂ ಕಾಲು ಎತ್ತಿಟ್ಟುಕೊಂಡು ಕೂತ.

"ಪ್ಲಗ್ ಕಿತ್ತಿದ್ದೀರಲ್ಲ, ಇನ್ನೇನು ಭಯ?" ಎಂದ ಅಳಿಯ.

"ಕಿತ್ತ ಮೇಲೇ ಇರೋದು ಭಯ. ಒಳಗೆ ಕರೆಂಟು ಅವಿತುಕೊಂಡು ಕೂತಿರುತ್ತೆ. ಒಬ್ಬನಿಗೆ ಹೀಗೇ ಹೊಡೆದು ಎದುರು ಗೋಡೆಗೆ ಬಿದ್ದ. ಈಗ ಅವನು ಟಾರ್ಚು ಕೂಡ ಮುಟ್ಟಲ್ಲ."

"ಹಾಗಾದ್ರೆ ನೀವೇ ಬಿಚ್ಚಿ."

"ನಾನು ನೋಡ್ಕೊಳ್ತೀನಿ, ನೀವು ಬಿಚ್ಚಿ. ಮನೆ ನಿಮ್ಮದು."

ಅಷ್ಟರಲ್ಲಿ ಎದುರುಮನೆಯ ವಾಚ್ ರಿಪೇರಿಯವನೂ ಕರೆಯದೇ ಬಂದ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬೆಂಕಿಕಡ್ಡಿಯಷ್ಟು ಉದ್ದದ ಸ್ಕ್ರೂಡ್ರೈವರಿನಿಂದ ಹನ್ನೊಂದು ಸ್ಕ್ರೂ ಬಿಚ್ಚುವ ಹೊತ್ತಿಗೆ ಮಧ್ಯಾಹ್ನ ಮೂರಾಗಿತ್ತು. ಮುಚ್ಚಳ ಎತ್ತಿ ಒಳಗೆ ಇಣುಕಿ, "ನನ್ನ ಕೈಕೆಲಸ ಇಲ್ಲಿಗೆ ಮುಗೀತು. ಇದರಲ್ಲಿ ಒಂದು ಹಲ್ಲುಚಕ್ರನೂ ಇಲ್ಲ" ಎಂದು ಹಿಂದೆ ಸರಿದ.

ಉಳಿದವನು ಅಳಿಯ. ಪಾತ್ರೆ ತೊಳೆಯುವ ರಬ್ಬರ್ ಕೈಗವಸು, ಕಾಲಿಗೆ ಹವಾಯಿ ಚಪ್ಪಲಿ. ಲೈನ್‌ಮ್ಯಾನಿನ ಅಪ್ಪಣೆಯಂತೆ ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಎರಡೂ ಕೈ ಹಾಕಿದರೆ ಕರೆಂಟು ಎದೆಯ ಮೂಲಕ ಹಾದುಹೋಗುತ್ತದಂತೆ. ಹೆಬ್ಬೆರಳಿನ ಗಾತ್ರದ ಎರಡು ನೀಲಿ ಡಬ್ಬಿಗಳನ್ನು ತೋರಿಸಿ ಲೈನ್‌ಮ್ಯಾನ್, "ಅವಿತಿರೋದು ಅದರಲ್ಲೇ" ಎಂದ. ಸತ್ತರೆ ಮಾವನಿಗೆ ಉತ್ತರ ಹೇಳುವುದು ತಪ್ಪುತ್ತದೆ ಎಂದು ಅಳಿಯನಿಗೆ ಒಂದು ಕ್ಷಣ ಸಮಾಧಾನವೂ ಆಯಿತು.

ಒಂದೊಂದೇ ವೈರು ಅಲುಗಾಡಿಸಿದ. ಬ್ರಷ್ಷಿನಿಂದ ಗುಡಿಸಿದ. ವಾಚಿನವನು ತನ್ನ ಕ್ಲೀನಿಂಗ್ ದ್ರಾವಣ ಕೊಟ್ಟು, "ಗುಂಡಿಗಳ ಬುಡಕ್ಕೆ ಎರಡೆರಡು ಹನಿ ಬಿಡಿ" ಎಂದ, ಅಳಿಯ ಬಿಟ್ಟ. ಆರುವ ತನಕ ಕಾದು, ಮುಚ್ಚಳ ಹಾಕಿ ಪ್ಲಗ್ ಚುಚ್ಚಿ ರೆಕಾರ್ಡು ತಿರುಗಿಸಿದರೆ ಮತ್ತದೇ ಮೌನ. ಗಂಟೆ ನಾಲ್ಕೂಮುಕ್ಕಾಲು.

ಡ್ಯೂಟಿ ಮುಗಿಸಿ ಒಳಗೆ ಬಂದ ಹೆಂಡತಿ ಮೂವರನ್ನೂ ನೋಡಿದಳು, ಗಂಡನ ಕೈಗವಸು ನೋಡಿದಳು, ಕೊನೆಗೆ ಸೆಟ್ಟಿನ ಮುಖ ನೋಡಿದಳು.

"ಈ ಟೇಪಿನ ಗುಂಡಿ ಯಾಕೆ ಒಳಗಿದೆ?"

"ಯಾವ ಗುಂಡಿ?"

"ಒರೆಸುವಾಗ ಒತ್ತಿದ್ದೀರಿ. ಇದು ಒಳಗಿದ್ರೆ ಸೆಟ್ಟು ಟೇಪಿನ ಹಾಡಿಗೆ ಕಾಯ್ತಾ ಕೂತಿರುತ್ತೆ, ರೆಕಾರ್ಡು ಕೇಳಿಸಲ್ಲ. ಚಿಕ್ಕವಳಿದ್ದಾಗ ನಾನೂ ಒತ್ತಿ ಒದೆ ತಿಂದಿದ್ದೆ" ಎನ್ನುತ್ತ ಅವಳು ಗುಂಡಿಯನ್ನು ಹೊರಗೆ ಬಿಟ್ಟಳು.

ವಾಲ್ಯೂಮು ಕೊನೆಯಲ್ಲೇ ಇತ್ತು. ಮೂವತ್ತು ಪಿಟೀಲುಗಳು ಒಟ್ಟಿಗೆ ಮೈಮೇಲೆ ಬಿದ್ದವು. ಲೈನ್‌ಮ್ಯಾನ್ ಕುರ್ಚಿ ಸಮೇತ ಹಿಂದಕ್ಕೆ ಉರುಳಿದ. ಅಳಿಯ ತನಗೆ ಕರೆಂಟು ಹೊಡೆಯಿತೆಂದೇ ತಿಳಿದು ನೆಲಕ್ಕೆ ಕುಸಿದ. ಹೆಂಡತಿ ವಾಲ್ಯೂಮು ತಗ್ಗಿಸಿ ತಿರುಗಿದರೆ ಬಾಗಿಲಲ್ಲಿ ಮಾವ ನಿಂತಿದ್ದರು.

ಮಾವ ಜೇಬಿನಿಂದ ಹೊಸ ಬೀಗದ ಕೈಯೊಂದನ್ನು ತೆಗೆದು ಮೇಜಿನ ಮೇಲಿಟ್ಟು, "ಮನೆ ನೋಡಿದೆ. ಪರವಾಗಿಲ್ಲ. ನಾಳೆಯೇ ಹೋಗಬಹುದು" ಎಂದರು. ಆಮೇಲೆ ತಮ್ಮ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಹಾಡು ಕೇಳತೊಡಗಿದರು. ಅಳಿಯನಿಗೆ ಹೋದ ಜೀವ ಬಂದಂತಾಯಿತು. ಇನ್ನು ಐದು ನಿಮಿಷ ಯಾರೂ ಬಾಯಿ ಬಿಡದಿದ್ದರೆ ಸಾಕಿತ್ತು.

ಮಾವ ಕಣ್ಣು ತೆರೆದರು. "ವರ್ಷದಿಂದ ಗರಗರ ಅಂತಿತ್ತು. ಈಗ ಇಲ್ಲ. ಯಾರು ಮುಟ್ಟಿದ್ದು?"

ಲೈನ್‌ಮ್ಯಾನಿಗೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. "ನಿಮ್ಮ ಅಳಿಯಂದಿರೇ ಸಾರ್. ಪೂರ್ತಿ ಬಿಚ್ಚಿ, ಜೀವದ ಹಂಗು ತೊರೆದು ಕೈ ಹಾಕಿದರು. ಒಂಟಿ ಕೈ" ಎಂದ.

ಮಾವ ಎದ್ದು ಹತ್ತಿರ ಬಂದರು. ಅಳಿಯ ಕಣ್ಣು ಮುಚ್ಚಿಕೊಂಡ. ಭುಜದ ಮೇಲೆ ಭಾರವಾದ ಕೈಯೊಂದು ಕೂತಿತು.

"ಇದ್ದ ಒಬ್ಬ ಮೆಕ್ಯಾನಿಕ್ಕೂ ಅಂಗಡಿ ಮುಚ್ಚಿ ಊರು ಬಿಟ್ಟ. ಇನ್ನು ಇದರ ಗತಿ ಏನು ಅಂತ ನನಗೆ ನಿದ್ದೆ ಇರಲಿಲ್ಲ" ಎಂದರು ಮಾವ. "ಮನೆಯಲ್ಲೇ ಇಂಥವನು ಇದ್ದಾನೆ ಅಂತ ನನಗೇ ಗೊತ್ತಾಗಲಿಲ್ಲ ನೋಡು."

"ಮಾವ, ಅದು ಬರೀ ಒಂದು ಗುಂಡಿ..." ಎಂದು ಶುರುಮಾಡಿದ ಅಳಿಯ. ಬರೀ ಗುಂಡಿಯಾದರೆ ಹನ್ನೊಂದು ಸ್ಕ್ರೂ ಯಾಕೆ ಬಿಚ್ಚಿದೆ ಎಂದು ಕೇಳಿದರೆ? ಹೆಂಡತಿಯ ಕಡೆ ನೋಡಿದ. ಅವಳು ಮೇಜಿನ ಕಡೆ ನೋಡುತ್ತಿದ್ದಳು.

ಮಾವ ಬೀಗದ ಕೈಯನ್ನು ಎತ್ತಿ ಜೇಬಿಗೆ ಹಾಕಿಕೊಂಡಾಗಿತ್ತು. "ಆ ಮನೆಯವರಿಗೆ ಬೇಡ ಅಂತ ನಾನೇ ಹೇಳಿ ಬರ್ತೀನಿ. ಈ ಸೆಟ್ಟು ಇರೋವರೆಗೆ ನೀನು ಎಲ್ಲಿಗೂ ಹೋಗೋದು ಬೇಡ."